ಶರಬತ್ತಿಗೆ ಹೋದ ಐಸ್

ಮೊನ್ನೆ ದೊಡ್ಡವಳು ಶಾಲೆಯಲ್ಲಿ ಬರೆದ ಪ್ರಬಂಧವನ್ನು ನನ್ನ ಮುಂದೆ ಗಟ್ಟಿಯಾಗಿ ಓದಿದಳು. ‘ನಮ್ಮ ಅಜ್ಜಿ ನಮ್ಮ ಓಣಿಯ ಕೋಳಿ ಡಾಕ್ಟರು. ಅವರ ಕೈಯ ಲಸಿಕೆ ಯಾವತ್ತೂ ಸುಳ್ಳಾಗಿಲ್ಲ’ ಎಂದಿತ್ತು ಅದರಲ್ಲಿ. ಕೆಳಗೆ ಟೀಚರು ಕೆಂಪು ಪೆನ್ನಿನಲ್ಲಿ ‘ತುಂಬಾ ಚೆನ್ನಾಗಿದೆ’ ಎಂದು ಬರೆದು ಸಹಿ ಹಾಕಿದ್ದರು. ನಾನು ‘ಹೂಂ’ ಅಂದು ರೊಟ್ಟಿ ಬಡಿಯಲು ಒಳಗೆ ಹೋದೆ. ಆ ‘ಹೂಂ’ ನನಗೆ ಹಳೆಯ ಪರಿಚಯ. ನಾನು ಮಾಡಿದ ತಪ್ಪೂ ಅಂಥದೇ ಒಂದು ‘ಹೂಂ’ನಿಂದ ಶುರುವಾಗಿತ್ತು.

ಮೊಮ್ಮಕ್ಕಳೇ, ಅದನ್ನು ನಿಮ್ಮಿಬ್ಬರಿಗೂ ಹೇಳಬೇಕು. ಬಾಯಿಬಿಟ್ಟು ಹೇಳುವುದು ನನ್ನಿಂದ ಆಗುವುದಿಲ್ಲ. ನಾಲ್ಕು ಜನ ಇದ್ದಲ್ಲಿ ನಾನು ಮೂಲೆ ಹಿಡಿಯುತ್ತೇನೆ ಎಂದು ನಿಮಗೆ ಗೊತ್ತು. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತ ಅಕ್ಷರ ಕೈಯಲ್ಲಿದೆ, ಅದರಲ್ಲೇ ಬರೆಯುತ್ತೇನೆ. ಇದು ನಡೆದಾಗ ದೊಡ್ಡವಳು ಅಂಗನವಾಡಿಗೆ ಹೋಗುತ್ತಿದ್ದಳು. ಚಿಕ್ಕವಳು ತೊಟ್ಟಿಲಲ್ಲಿದ್ದಳು. ನಿಮ್ಮ ಅಜ್ಜ ತೀರಿಕೊಂಡು ಎರಡು ವರ್ಷವಾಗಿತ್ತು.

ಆವರಗೆರೆಯ ನಮ್ಮ ಓಣಿಯಲ್ಲಿ ಆಗ ಒಂಬತ್ತು ಮನೆಯವರು ಕೋಳಿ ಸಾಕುತ್ತಿದ್ದೆವು. ಎಲ್ಲರ ಹತ್ತಿರವೂ ಈಗ ನಮ್ಮ ಹಿತ್ತಲಲ್ಲಿ ಇರುವಂಥ ಗಿಡ್ಡ ಜಾತಿಯವೇ. ಹೇಂಟೆ ಒಂದು ಕೆ.ಜಿ. ಮೇಲೆ ಸ್ವಲ್ಪ ತೂಗುತ್ತದೆ, ಹುಂಜ ಒಂದೂವರೆ. ಮೊಟ್ಟೆ ಸಣ್ಣದು, ಆದರೆ ಒಳಗಿನ ಹಳದಿ ಗಟ್ಟಿ. ಬಾಣಂತಿಯರಿಗೆ ಬೇಕೆಂದು ಹೊಸ ಲೇಔಟಿನವರು ಹುಡುಕಿಕೊಂಡು ಬರುತ್ತಾರೆ. ದೊಡ್ಡ ಜಾತಿಯ ಕೋಳಿ ತಿನ್ನುವ ಅರ್ಧದಷ್ಟರಲ್ಲಿ ಇವು ಬದುಕುತ್ತವೆ. ಬೆಳಿಗ್ಗೆ ಒಂದು ಬೊಗಸೆ ಮೆಕ್ಕೆಜೋಳದ ನುಚ್ಚು, ಸಂಜೆ ಮಂಡಕ್ಕಿ ಭಟ್ಟಿಯಿಂದ ತಂದ ಜರಡಿ ಹಿಡಿದ ಪುಡಿ. ಉಳಿದದ್ದನ್ನು ಖಾಲಿ ಸೈಟುಗಳಲ್ಲಿ ಗೆದ್ದಲು ಕೆದರಿ ತಾವೇ ಹೊಂದಿಸಿಕೊಳ್ಳುತ್ತವೆ. ಮೂರು ತಿಂಗಳಿಗೆ ಜುಟ್ಟು ನೋಡಿ ಹುಂಜ ಯಾವುದು, ಹೇಂಟೆ ಯಾವುದು ಎಂದು ಬೇರೆ ಮಾಡುತ್ತೇವೆ. ಹತ್ತು ಹೇಂಟೆಗೆ ಒಂದು ಹುಂಜ ಇಟ್ಟುಕೊಂಡು, ಮಿಕ್ಕ ಹುಂಜಗಳನ್ನು ಆರನೆಯ ತಿಂಗಳಿಗೆ ಮಾಂಸಕ್ಕೆ ಕೊಡುತ್ತೇವೆ. ಮೊಟ್ಟೆ ನಿಲ್ಲಿಸಿದ ಹೇಂಟೆಯ ಹಿಂದಿನ ಎರಡು ಎಲುಬಿನ ನಡುವೆ ಬೆರಳಿಟ್ಟು ನೋಡುತ್ತೇವೆ. ಮೂರು ಬೆರಳು ಹಿಡಿದರೆ ಇನ್ನೂ ಇಡುತ್ತದೆ, ಒಂದೇ ಬೆರಳು ಹಿಡಿದರೆ ಸಾರಿಗೆ.

ಇವಕ್ಕೆ ಇರುವ ದೊಡ್ಡ ಭಯವೆಂದರೆ ಕೊಕ್ಕರೆ ರೋಗ. ಬಂದರೆ ಓಣಿಗೆ ಓಣಿಯನ್ನೇ ಗುಡಿಸಿಕೊಂಡು ಹೋಗುತ್ತದೆ. ಅದಕ್ಕೆ ಮರಿ ಹೊರಬಂದ ಏಳನೆಯ ದಿನ ಕಣ್ಣಿಗೆ ಒಂದು ಹನಿ ಲಸಿಕೆ ಹಾಕಬೇಕು. ಆ ಲಸಿಕೆಯ ಸೀಸೆ ಬೆರಳಿನಷ್ಟೇ ಇರುತ್ತದೆ, ಅದರಲ್ಲಿ ನೂರು ಮರಿಗೆ ಆಗುವಷ್ಟು. ಒಡೆದು ನೀರು ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ಒಬ್ಬೊಬ್ಬರ ಮನೆಯಲ್ಲಿ ಹತ್ತು ಹನ್ನೆರಡು ಮರಿ ಇದ್ದರೆ ಉಳಿದದ್ದು ಮಣ್ಣಿಗೆ. ಅದಕ್ಕಾಗಿ ನಾವು ಹೆಂಗಸರು ಸಂಘ ಕಟ್ಟಿಕೊಂಡು ಒಂದು ಪದ್ಧತಿ ಮಾಡಿಕೊಂಡಿದ್ದೆವು. ಒಂಬತ್ತು ಮನೆಯ ಕಾವಿನ ಕೋಳಿಗಳನ್ನೂ ಒಂದೇ ಗುರುವಾರ ಕೂರಿಸುವುದು. ಮೊದಲೇ ಕಾವಿಗೆ ಬಂದ ಹೇಂಟೆಗೆ ಹಳೆಯ ಮೊಟ್ಟೆಯೊಂದನ್ನು ಕೊಟ್ಟು ಸುಮ್ಮನಿರಿಸಿ, ಆ ದಿನ ಒಳ್ಳೆಯ ಮೊಟ್ಟೆ ಇಡುವುದು. ಇಪ್ಪತ್ತೊಂದು ದಿನಕ್ಕೆ ಎಲ್ಲರ ಮನೆಯಲ್ಲೂ ಒಟ್ಟಿಗೆ ಮರಿ. ಏಳನೆಯ ದಿನ ಒಂದೇ ಸೀಸೆ, ಒಂದೇ ಅಂಗಳ. ಆ ಸೀಸೆ ತರುವ ಕೆಲಸ ನನ್ನದು. ಯಾರೊಂದಿಗೂ ಹರಟೆಗೆ ನಿಲ್ಲುವುದಿಲ್ಲ, ದಾರಿಯಲ್ಲಿ ಹೊತ್ತು ಕಳೆಯುವುದಿಲ್ಲ ಎಂದೇ ಅವರು ನನ್ನನ್ನು ಆರಿಸಿದ್ದರು.

ಆ ವರ್ಷ ಬೇಸಿಗೆಯ ಕೊನೆ. ಇನ್ನೂ ಮಳೆ ಹಿಡಿದಿರಲಿಲ್ಲ. ಮರಿಗಳಿಗೆ ಆರು ದಿನವಾಗಿತ್ತು. ದಾವಣಗೆರೆಯ ದನದ ಆಸ್ಪತ್ರೆಯಲ್ಲಿ ಲಸಿಕೆ ಮುಗಿದಿತ್ತು. ಅಲ್ಲಿಯವರೇ ಫೋನು ಮಾಡಿ ವಿಚಾರಿಸಿ, “ಹರಿಹರದಾಗೆ ಐತಂತ್ರಿ, ಈಗ್ಲೇ ಹೋದ್ರೆ ಸಿಗ್ತೈತಿ” ಅಂದರು. ನಿಮ್ಮ ಅಜ್ಜ ಕೆಲಸಕ್ಕೆ ಬುತ್ತಿ ಒಯ್ಯುತ್ತಿದ್ದ ಅಗಲ ಬಾಯಿಯ ಫ್ಲಾಸ್ಕಿಗೆ ಬೀದಿಯ ಅಂಗಡಿಯಲ್ಲಿ ಐಸ್ ತುಂಬಿಸಿಕೊಂಡು ಬಸ್ಸು ಹತ್ತಿದೆ. ಹರಿಹರದಲ್ಲಿ ಸೀಸೆ ಕೊಟ್ಟ ಕಾಂಪೌಂಡರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ, ಐಸಿನ ನಡುವೆ ತಾವೇ ಹೂತು ಮುಚ್ಚಳ ತಿರುಗಿಸಿದರು.

“ಅಮ್ಮಾ, ಇದರ ಬಾಯಿ ತೆಗೀಬ್ಯಾಡ್ರಿ. ಎಲ್ಲೂ ನಿಲ್ಲಬ್ಯಾಡ್ರಿ. ಸೀದಾ ಮನಿಗೆ.”

ಹೂಂ ಅಂದೆ. ಬಸ್ ನಿಲ್ದಾಣದ ಮುಂದೆ ಹೂವಿನ ಅಂಗಡಿ. ಅಲ್ಲಿ ಮಲ್ಲಿಗೆ ದಂಡೆ ಅಳೆಸುತ್ತಾ ನಿಂತಿದ್ದಳು ನನ್ನ ನಾದಿನಿ, ನಿಮ್ಮ ಅಜ್ಜನ ತಂಗಿ. ನನ್ನನ್ನು ನೋಡಿ ಅವಳ ಮುಖ ಒಂದು ಕ್ಷಣ ಸಣ್ಣದಾಯಿತು. ಅವತ್ತು ಅವಳ ಬಸುರಿ ಮಗಳಿಗೆ ಕುಬುಸ ಮಾಡುತ್ತಿದ್ದರು. ನನಗೆ ಹೇಳಿ ಕಳಿಸಿರಲಿಲ್ಲ. ಯಾಕೆ ಎಂದು ನಾನು ಕೇಳುವ ಹಾಗಿರಲಿಲ್ಲ, ಅವಳು ಹೇಳುವ ಹಾಗೂ ಇರಲಿಲ್ಲ.

“ಅತ್ತಿಗೆಮ್ಮ, ದೇವ್ರೇ ಕಳಿಸ್ದಂಗೆ ಬಂದೀರಿ. ಬರ್ರಿ, ಮನಿಗೆ ಬರ್ರಿ. ಗಡಿಬಿಡಿಯಾಗೆ ಫೋನ್ ಮಾಡಾಕ ಆಗ್ಲಿಲ್ಲ ನೋಡ್ರಿ.”

“ನಂದು ಸ್ವಲ್ಪ ಕೆಲಸ ಐತೆ.”

“ಏನ್ ಕೆಲಸ? ಅಣ್ಣ ಇಲ್ಲಂತ ನಮ್ಮನಿ ಬ್ಯಾಡಾತೇನು ನಿಮಗೆ?”

ಈ ಮಾತಿಗೆ ಎದುರಾಡಲು ನನಗೆ ಬರಲಿಲ್ಲ. ಕೋಳಿ ಮರಿಯ ಔಷಧಿ ಇದೆ, ಕೆಡುತ್ತದೆ ಅಂದಿದ್ದರೆ ಮುಗಿಯುತ್ತಿತ್ತು. ಕುಬುಸದ ಹೂವು ಹಿಡಿದು ನಿಂತವಳ ಮುಂದೆ ಕೋಳಿ ರೋಗದ ಮಾತೆತ್ತುವುದೇ ಎಂದು ಸಂಕೋಚ. ಹತ್ತು ನಿಮಿಷ ಕೂತು ಎದ್ದರಾಯಿತು ಎಂದುಕೊಂಡೆ. ಫ್ಲಾಸ್ಕಿನ ಮೇಲೆ ನನಗೆ ನಂಬಿಕೆಯಿತ್ತು.

ಮನೆ ತುಂಬ ಹೆಂಗಸರು. ಫ್ಲಾಸ್ಕಿದ್ದ ಚೀಲವನ್ನು ನಾದಿನಿ ನನ್ನ ಕೈಯಿಂದ ತೆಗೆದು ಅಡುಗೆಮನೆಗೆ ಕಳಿಸಿದಳು. ನಾನು ಆರತಿಯ ಕಡೆ ಹೋಗದೆ ಹೊರಗಿನ ಪಡಸಾಲೆಯ ಮೂಲೆಯಲ್ಲಿ ಕೂತೆ. ಹತ್ತು ನಿಮಿಷ ಅರ್ಧ ಗಂಟೆಯಾಯಿತು, ಅರ್ಧ ಗಂಟೆ ಎರಡು ಗಂಟೆಯ ಹತ್ತಿರ ಬಂತು. ಊಟ ಮಾಡದೆ ಎದ್ದರೆ ಕೋಪ ಮಾಡಿಕೊಂಡು ಹೋದಳು ಅನ್ನುತ್ತಾರೆ. ಕರೆಯದ ಮನೆಗೆ ಬಂದು ಮೊದಲೇ ಮುದುಡಿಕೊಂಡಿದ್ದವಳಿಗೆ ಆ ಇನ್ನೊಂದು ಮಾತು ಬೇಡವಾಗಿತ್ತು. ಅಷ್ಟರಲ್ಲಿ ಎಲ್ಲರಿಗೂ ನಿಂಬೆಹಣ್ಣಿನ ಶರಬತ್ತು ಬಂತು. ನನ್ನ ಕೈಗೂ ಒಂದು ಲೋಟ. ಸೆಕೆಗೆ ಬಾಯಾರಿದ್ದೆ, ಅರ್ಧ ಕುಡಿದೆ. ಲೋಟದಲ್ಲಿ ಐಸ್ ತುಂಡುಗಳು ಸದ್ದು ಮಾಡುತ್ತಿದ್ದವು.

“ಅತ್ತಿಗೆಮ್ಮ ಭಾಳ ಬುದ್ಧಿವಂತ್ರು ಬಿಡ್ರಿ,” ಅಂದಳು ನಾದಿನಿ, ಎಲ್ಲರಿಗೂ ಕೇಳುವ ಹಾಗೆ. “ಫ್ರಿಜ್ಜಿನಾಗಿನ ಐಸ್ ಸಾಲದಂಗಾಗಿತ್ತು. ನೋಡಿದ್ರೆ ಇವರ ಫ್ಲಾಸ್ಕ್ ತುಂಬ ಐಸ್. ಹೊತ್ಕೊಂಡು ತಿರುಗ್ತಾರೆ.”

ಹೆಂಗಸರು ನಕ್ಕರು. ಒಬ್ಬಳು, “ಸೆಕೆ ನೋಡ್ರಿ, ಇವರದೇ ಸರಿ,” ಅಂದಳು. ನಾನು ಲೋಟ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. ಒಲೆಯ ಮೇಲೆ ಹೋಳಿಗೆಯ ಹಂಚು ಕಾಯುತ್ತಿತ್ತು. ಅದರ ಪಕ್ಕದ ಕಟ್ಟೆಯ ಮೇಲೆ, ಉಪ್ಪಿನ ಡಬ್ಬಿಗೆ ಒರಗಿಸಿ, ಕವರು ಸುತ್ತಿದ ಸೀಸೆ ಇಟ್ಟಿದ್ದರು. ಮುಟ್ಟಿದೆ. ಹಸುಗೂಸಿನ ಅಂಗಾಲಿನ ಹಾಗೆ ಬೆಚ್ಚಗಿತ್ತು.

“ಅದೇನ್ ಔಷಧ ಐತ್ರಿ? ಬಿಸಾಕಿಲ್ಲ, ಜ್ವಾಪಾನ ಮಾಡಿ ಇಟ್ಟೀನಿ,” ಅಂದಳು ಹೋಳಿಗೆ ಬೇಯಿಸುತ್ತಿದ್ದವಳು.

“ಇರ್ಲಿ ಬಿಡ್ರಿ, ಏನಿಲ್ಲ,” ಅಂದೆ.

ಮಕ್ಕಳೇ, ಅವರ ತಪ್ಪು ಏನೂ ಇಲ್ಲ. ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ನಾನೊಬ್ಬಳೇ. ಆಸ್ಪತ್ರೆಗೆ ವಾಪಸ್ಸು ಹೋಗಿ ಇನ್ನೊಂದು ಸೀಸೆ ಕೇಳಬಹುದಿತ್ತು, ಇನ್ನೂ ಬಾಗಿಲು ಹಾಕಿರಲಿಲ್ಲ. ಆ ದಾರಿಯಲ್ಲಿ ಅರ್ಧ ಹೋದೆ ಕೂಡ. ಆ ಕಾಂಪೌಂಡರು ‘ಎಲ್ಲೂ ನಿಲ್ಲಬ್ಯಾಡ್ರಿ’ ಅಂದದ್ದು ನೆನಪಾಯಿತು. ಕಾಲು ಹಿಂದಕ್ಕೆ ಬಂತು. ನಿಲ್ದಾಣದ ಬಳಿ ಕಬ್ಬಿನ ಹಾಲಿನ ಗಾಡಿಯವನಿಂದ ಐಸ್ ಕೊಂಡು ಫ್ಲಾಸ್ಕಿಗೆ ತುಂಬಿದೆ, ಸೀಸೆಯನ್ನು ನಡುವೆ ಹೂತೆ. ದಾವಣಗೆರೆ ಬರುವಷ್ಟರಲ್ಲಿ ಮುಟ್ಟಿ ನೋಡಿದರೆ ತಣ್ಣಗಿತ್ತು. ತಣ್ಣಗಿರುವುದು ಬೇರೆ, ತಣ್ಣಗೇ ಇದ್ದದ್ದು ಬೇರೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಬಸ್ಸಿನಿಂದ ಇಳಿದೆ.

ಮರುದಿನ ಬಿಸಿಲೇರುವ ಮೊದಲೇ ನಮ್ಮ ಅಂಗಳದಲ್ಲಿ ಬುಟ್ಟಿಗಳ ಸಾಲು. ತೊಂಬತ್ತರ ಮೇಲೆ ಮರಿಗಳಿದ್ದವು. ಸಂಘದ ಹಿರಿಯಕ್ಕ ಫ್ಲಾಸ್ಕಿನ ಮುಚ್ಚಳ ತಾನೇ ತೆಗೆದಳು. ಒಳಗೆ ಕಬ್ಬಿನ ಗಾಡಿಯ ಐಸ್ ಇನ್ನೂ ಗಟ್ಟಿಯಾಗಿತ್ತು.

“ನೋಡ್ರೆ, ಹೆಂಗೆ ತಂದಾರೆ. ನಿಮ್ಮನ್ನ ಕಳಿಸಿದ್ರೆ ಬರೇ ನೀರು ಬರ್ತಿತ್ತು. ಎಲ್ಲೂ ಕರಗಲಿಲ್ಲೇನ್ರಿ?”

“ಹೂಂ,” ಅಂದೆ. ಕರಗಿತು ಎಂದೋ, ಕರಗಲಿಲ್ಲ ಎಂದೋ, ಅವಳು ಬೇಕಾದ ಹಾಗೆ ತಿಳಿದುಕೊಂಡಳು.

ಉಳಿದದ್ದನ್ನೆಲ್ಲ ನಾನು ತಪ್ಪಿಲ್ಲದೆ ಮಾಡಿದೆ. ತಣ್ಣಗಿನ ನೀರನ್ನು ಸಿರಿಂಜಿನಲ್ಲಿ ಎಳೆದು ಸೀಸೆಗೆ ಬಿಟ್ಟು, ಕುಲುಕದೆ ಮೆಲ್ಲಗೆ ತಿರುಗಿಸಿ, ಒಳಗಿನ ಬಿಳಿ ಬಿಲ್ಲೆ ಕರಗಿಸಿದೆ. ಒಂದೊಂದೇ ಮರಿಯನ್ನು ಅಂಗೈಯಲ್ಲಿ ಮಲಗಿಸಿ, ಕಣ್ಣಿಗೆ ಒಂದು ಹನಿ ಬಿಟ್ಟು, ಅದು ಕಣ್ಣು ಮಿಟುಕಿಸುವವರೆಗೆ ಕಾದು ಬಿಟ್ಟೆ. ಒಂದು ಮರಿಯನ್ನೂ ಅವಸರದಲ್ಲಿ ಇಳಿಸಲಿಲ್ಲ. ಅಷ್ಟು ನೇಮದಿಂದ ಮಾಡಿದರೆ ಸತ್ತ ಔಷಧಿಗೆ ಜೀವ ಬಂದೀತು ಎಂದು ನಂಬಿದ್ದೆನೋ ಏನೋ.

ಲಸಿಕೆ ಹಿಡಿದರೆ ಮೂರ್ನಾಲ್ಕು ದಿನಕ್ಕೆ ಮರಿಗಳು ಸ್ವಲ್ಪ ಸೀನುತ್ತವೆ, ಒಂದು ದಿನ ಮಂಕಾಗುತ್ತವೆ. ಆ ಸಲ ಒಂದೂ ಸೀನಲಿಲ್ಲ. “ಈ ಸಲ ಒಂದೂ ಮಂಕಾಗಿಲ್ಲ ನೋಡ್ರಿ, ನಿಮ್ಮ ಕೈಗುಣ,” ಅಂದರು. ನಾನು ನುಚ್ಚು ಹಾಕುತ್ತಾ ತಲೆ ಬಗ್ಗಿಸಿಕೊಂಡಿದ್ದೆ. ನಾಲ್ಕನೆಯ ವಾರದಲ್ಲಿ ಎರಡನೆಯ ಹನಿ ಇದೆ, ಅಷ್ಟರವರೆಗೆ ಏನೂ ಆಗದಿದ್ದರೆ ಸಾಕು ಎಂದು ದಿನ ಎಣಿಸತೊಡಗಿದೆ.

ಎರಡೂವರೆ ವಾರ ಕಳೆದ ಮೇಲೆ, ಒಂದು ಬೆಳಿಗ್ಗೆ, ನಮ್ಮದೇ ಬುಟ್ಟಿಯ ಕೆಳಗೆ ಒಂದು ಮರಿ ಕುತ್ತಿಗೆ ತಿರುಚಿಕೊಂಡು ಬಿದ್ದಿತ್ತು. ಬಾಲದ ಕೆಳಗೆ ಹಸಿರು ಬಿಳಿ ಹಿಕ್ಕೆ ಅಂಟಿತ್ತು. ಕೊಕ್ಕರೆ ರೋಗ ಎಂದು ನೋಡಿದ ಕೂಡಲೇ ತಿಳಿಯಿತು. ಆಗಲೇ ಓಣಿಗೆಲ್ಲ ಕೂಗಿ ಹೇಳಬೇಕಿತ್ತು, ಕೋಳಿ ಕಟ್ಟಿಹಾಕ್ರಿ, ಒಬ್ಬರ ಅಂಗಳಕ್ಕೆ ಒಬ್ಬರು ಬರಬ್ಯಾಡ್ರಿ ಎಂದು. ಅದರ ಬದಲು ನಿಂಬೆಗಿಡದ ಬುಡದಲ್ಲಿ ಮೊಣಕೈ ಆಳ ತೋಡಿ, ಮರಿಯನ್ನಿಟ್ಟು ಸುಣ್ಣ ಹಾಕಿ ಮುಚ್ಚಿದೆ. ಕೈ ತೊಳೆದುಕೊಂಡೆ. ನಿಮ್ಮ ಅಮ್ಮ “ಏನ್ ಮಾಡ್ತಿದ್ರಿ ಅತ್ತೆ?” ಅಂದಾಗ, ಗಿಡಕ್ಕೆ ಗೊಬ್ಬರ ಅಂದೆ.

ಅದಾಗಿ ಎರಡು ದಿನಕ್ಕೆ ಎದುರು ಮನೆಯ ಸೊಸೆ ತವರಿನಿಂದ ಬಂದಳು. ಮದುವೆಯಾಗಿ ಎರಡು ವರ್ಷವಾಗಿತ್ತು. ಕಾರಹುಣ್ಣಿಮೆಗೆ ನಂದಿಗುಡಿಗೆ ಹೋಗಿದ್ದವಳು, ಸೀರೆಯ ತುಂಡು ಮುಚ್ಚಿದ ಬುಟ್ಟಿ ಹಿಡಿದು, ತನ್ನ ಮನೆಗಿಂತ ಮೊದಲು ನಮ್ಮ ಅಂಗಳಕ್ಕೇ ಬಂದಳು. ಒಳಗೆ ಕೆಂಪು ಹುಂಜ, ಕಪ್ಪು ಚುಕ್ಕೆಯ ಹೇಂಟೆ.

“ದೊಡ್ಡಮ್ಮ, ನಮ್ಮವ್ವ ಕೊಟ್ಟಾಳೆ ನೋಡ್ರಿ. ಮಗಳನ್ನ ಬರಿಗೈಲೆ ಕಳಸಬಾರ್ದಂತೆ. ಹೇಂಟೆ ಹೆಂಗೈತೆ, ಬೆರಳಿಟ್ಟು ನೋಡ್ರಿ.”

ಬೆರಳಿಟ್ಟು ನೋಡಿದೆ. ಮೂರು ಬೆರಳು ಹಿಡಿಯಿತು. ಈಗಲೇ ಇವನ್ನು ತಿರುಗಿ ನಂದಿಗುಡಿಗೆ ಕಳಿಸಿಬಿಡು ಎಂದು ಹೇಳಬೇಕಾಗಿದ್ದ ಬಾಯಿ, “ಚಂದ ಅದಾವೆ,” ಎಂದಿತು. ಅವಳು ಅವನ್ನು ನಿಂಬೆಗಿಡದ ನೆರಳಿನಲ್ಲೇ ಇಳಿಸಿ ನೀರು ಕುಡಿಸಿದಳು.

ಆ ವಾರದ ಕೊನೆಗೆ ರೋಗ ಎದ್ದು ನಿಂತಿತು. ಮೊದಲು ರೆಕ್ಕೆ ಜೋತುಬಿದ್ದು, ಬಾಯಿ ತೆರೆದು ಉಸಿರೆಳೆದು, ಆಮೇಲೆ ಕತ್ತು ತಿರುಚಿ, ಮನೆಮನೆಯಲ್ಲೂ ಮರಿಗಳು ಉರುಳಿದವು. ಹಿಂದಿನ ವರ್ಷ ರೆಕ್ಕೆಯ ಕೆಳಗೆ ಸೂಜಿ ಹಾಕಿಸಿಕೊಂಡಿದ್ದ ಹಳೆಯ ಹೇಂಟೆಗಳು ತಡೆದವು. ಮರಿಗಳಲ್ಲಿ ಕೊನೆಗೆ ಉಳಿದದ್ದು ಹನ್ನೊಂದು. ನಂದಿಗುಡಿಯ ಜೋಡಿಯೂ ಮೂರನೆಯ ದಿನವೇ ಮಂಕಾಗಿ ಕೂತಿತು. ಅಷ್ಟು ಸಾಕಾಯಿತು ಓಣಿಗೆ. ಹೊಸದಾಗಿ ಬಂದದ್ದು ಅವೇ, ಹಿಂದೆಯೇ ಬಂದದ್ದು ರೋಗ.

ಎದುರು ಮನೆಯ ಅತ್ತೆ ಆ ಜೋಡಿಯನ್ನು ಸೊಸೆಯ ಎದುರಿಗೇ ಕುಯ್ಯಿಸಿ ಹೂಳಿಸಿದಳು. “ತವರಿಂದ ಕೋಳಿ ತಂದ್ಲೋ, ಮಾರಿ ತಂದ್ಲೋ,” ಎಂದು ನಲ್ಲಿಯ ಹತ್ತಿರ ಎಲ್ಲರ ಮುಂದೆ ಅಂದಳು. ಆ ಮಾತು ನಲ್ಲಿಯಲ್ಲಿ ನಿಲ್ಲಲಿಲ್ಲ. ಸೊಸೆ ಕೊಡ ಇಡಲು ಬಂದರೆ ಬೇರೆಯವರು ತಮ್ಮ ಕೊಡ ಸರಿಸುವಷ್ಟಕ್ಕೆ ಬಂತು. ಅವಳ ಅತ್ತೆ ಇನ್ನೊಂದು ಮಾತನ್ನೂ ಸಾರಿಬಿಟ್ಟಳು. ಈ ಸಲ ನಾಗರ ಪಂಚಮಿಗೆ ತವರಿಗೆ ಕಳಿಸುವುದಿಲ್ಲ, ಹೋದರೆ ಇನ್ನೇನು ಹೊತ್ತು ತರುತ್ತಾಳೋ ಎಂದು. ಅವಳಿಗೆ ತಂದೆ ಇಲ್ಲ. ತಾಯಿಯ ಮೈ ಆ ವರ್ಷ ನೆಟ್ಟಗಿರಲಿಲ್ಲ. ಪಂಚಮಿಗೆ ಹೋಗುವುದೆಂದರೆ ಅವಳಿಗೆ ಬರೀ ಉಂಡೆ ತಿನ್ನುವುದಾಗಿರಲಿಲ್ಲ.

ಸುದ್ದಿ ತಿಳಿದು ದನದ ಆಸ್ಪತ್ರೆಯಿಂದ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಓಣಿಗೆ ಬಂದರು. ಸತ್ತ ಮರಿಯೊಂದನ್ನು ನೋಡಿ, “ರೋಗ ಕಾಗೆಯಿಂದಾನೂ ಬರ್ತದೆ, ಚಪ್ಪಲಿಯಿಂದಾನೂ ಬರ್ತದೆ. ಆದ್ರೆ ಲಸಿಕೆ ಸರಿ ಬಿದ್ದಿದ್ರೆ ಇಷ್ಟು ಮರಿ ಸಾಯ್ತಿರ್ಲಿಲ್ಲ. ಯಾರು ತಂದಿದ್ದು?” ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಹಿರಿಯಕ್ಕ ಅಡ್ಡ ಬಂದಳು. “ಇವರು ತಂದಿದ್ದು ರೀ. ಅದರಾಗೆ ಮಾತೇ ಇಲ್ಲ. ನಾನೇ ಐಸ್ ನೋಡೀನಿ, ಕಲ್ಲಿನಂಗಿತ್ತು. ಇವರು ತಪ್ಪೋ ಪೈಕಿ ಅಲ್ಲ.”

ಡಾಕ್ಟರಮ್ಮ ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನನ್ನ ನಾಚಿಕೆ ಎಲ್ಲರಿಗೂ ಗೊತ್ತಿದ್ದರಿಂದ ಅದನ್ನೂ ನಾಚಿಕೆಯೆಂದೇ ತಿಳಿದರು. ಅದು ನಾಚಿಕೆಯೇ ಹೌದು, ಬೇರೆ ಜಾತಿಯದು.

ಅದೇ ಮಧ್ಯಾಹ್ನ ಎದುರು ಮನೆಯ ಸೊಸೆ ಹಿತ್ತಲ ಬಾಗಿಲಿಂದ ಬಂದಳು. ನಾನು ಸುಣ್ಣ ಕದಡಿ ಕೋಳಿಗೂಡಿಗೆ ಬಳಿಯುತ್ತಿದ್ದೆ. ಅವಳು ಬ್ರಷ್ಷು ತೆಗೆದುಕೊಂಡು ತಾನೂ ಬಳಿಯತೊಡಗಿದಳು. ಎರಡು ಹಲಗೆ ಮುಗಿದ ಮೇಲೆ ಕೇಳಿದಳು.

“ದೊಡ್ಡಮ್ಮ, ನೀವು ಕೋಳಿ ಬಲ್ಲೋರು. ನೀವಾದ್ರೂ ನಿಜ ಹೇಳ್ರಿ. ನಮ್ಮವ್ವನ ಕೋಳಿಯಿಂದ ಬಂತಾ ಇದು?”

ನಿಂಬೆಗಿಡ ನಮ್ಮಿಂದ ಮೂರು ಮಾರು ದೂರದಲ್ಲಿತ್ತು.

“ಏನ್ ಹೇಳಾಕಾಗ್ತೈತಿ, ತಂಗಿ. ಎಲ್ಲಿಂದ ಬಂತೋ.”

ಅವಳು ತಲೆಯಾಡಿಸಿದಳು. ಉಳಿದ ಹಲಗೆಗಳನ್ನೂ ಬಳಿದು, ಬ್ರಷ್ಷು ತೊಳೆದಿಟ್ಟು ಹೋದಳು. ನಾನು ನನ್ನ ಬದುಕಿನಲ್ಲಿ ಮಾಡಿದ ಹೀನ ಕೆಲಸ ಯಾವುದು ಎಂದು ಯಾರಾದರೂ ಕೇಳಿದರೆ, ಸೀಸೆ ಬೆಚ್ಚಗಾದದ್ದನ್ನು ಹೇಳುವುದಿಲ್ಲ. ಇದನ್ನು ಹೇಳುತ್ತೇನೆ. ಅವಳು ನನ್ನ ಗೂಡಿಗೆ ಸುಣ್ಣ ಬಳಿಯುತ್ತಿದ್ದಾಗ ಹೇಳಿದ್ದು ಅದು.

ಆಮೇಲೆ ಒಂದು ತಿಂಗಳು ನಾನು ಕೂಲಿಯವಳ ಹಾಗೆ ಕೆಲಸ ಮಾಡಿದೆ. ಗೂಡಿನ ಹಳೆಯ ಭತ್ತದ ಹೊಟ್ಟನ್ನೆಲ್ಲ ಕೆರೆದು ಸುಟ್ಟೆ. ನೆಲದ ಮಣ್ಣನ್ನು ನಾಲ್ಕು ಬೆರಳು ತೆಗೆದು ಹೊಸ ಮಣ್ಣು ಹಾಕಿದೆ. ನೀರಿನ ತಟ್ಟೆಗಳನ್ನು ದಿನವೂ ಬಿಸಿಲಿಗೆ ಹಾಕಿದೆ. ಬೇರೆಯವರ ಮನೆಗೂ ಹೋಗಿ ಮಾಡಿಕೊಟ್ಟೆ. “ಪಾಪ, ತಮ್ಮವೂ ಸತ್ತಾವೆ, ಆದ್ರೂ ನಮಗೆ ಮಾಡ್ತಾರೆ,” ಅಂದರು. ಎದುರು ಮನೆಗೆ ಮಾತ್ರ ಹೋಗಲಿಲ್ಲ.

ಪಂಚಮಿಗೆ ಎರಡು ದಿನ ಮೊದಲು, ಬೆಳಿಗ್ಗೆ ಹತ್ತರ ಸುಮಾರಿಗೆ, ಅವಳ ಅಣ್ಣ ನಂದಿಗುಡಿಯಿಂದ ಬೈಕಿನಲ್ಲಿ ಬಂದ. ಮೂವತ್ತರ ಆಸುಪಾಸಿನ ರೈತ, ಗದ್ದೆಯ ಕೆಸರು ಚಪ್ಪಲಿಯಲ್ಲೇ ಇತ್ತು. ತಂಗಿಯನ್ನು ಕರೆದೊಯ್ಯಲು ಬಂದವನನ್ನು ಅವಳ ಅತ್ತೆ ಗೇಟಿನ ಒಳಗೆ ಬಿಡಲಿಲ್ಲ. ಅಕ್ಕಪಕ್ಕದವರೆಲ್ಲ ಕಟ್ಟೆಗೆ ಬಂದರು. ನಾನು ನಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದೆ.

“ಹೋದ ಸಲ ಕೋಳಿ ಕಳಿಸಿದ್ರಿ, ಓಣಿ ತೊಳ್ಕೊಂಡು ಹೋಯ್ತು. ಈ ಸಲ ಏನ್ ಕಳಿಸ್ತೀರಿ? ಎಮ್ಮೆ ಕಳಿಸ್ತೀರಾ?”

“ಅಮ್ಮಾರೆ, ಹಂಗನಬ್ಯಾಡ್ರಿ. ನಮ್ಮನಿ ಕೋಳಿ ಇವತ್ತಿಗೂ ಅಂಗಳದಾಗೆ ಅದಾವೆ. ಒಂದೂ ಸತ್ತಿಲ್ಲ. ಬಂದು ನೋಡ್ರಿ ಬೇಕಾದ್ರೆ.”

“ಅಂದ್ರೆ ನಾವು ಸುಳ್ಳು ಹೇಳ್ತೀವಿ?”

“ನಾನ್ ಹಂಗೆಲ್ಲಿ ಅಂದೆ? ಅವ್ವ ಹಾಸಿಗಿ ಹಿಡಿದಾಳೆ. ಮೂರು ದಿನ ಕಳಿಸ್ರಿ ಸಾಕು.”

“ಆಗಂಗಿಲ್ಲ.”

ಅವನು ಬೈಕಿನ ಹ್ಯಾಂಡಲ್ಲಿಗೆ ಕಟ್ಟಿದ್ದ ಉಂಡೆಯ ಡಬ್ಬಿಯನ್ನು ಬಿಚ್ಚಿ ಗೇಟಿನ ಕಂಬದ ಮೇಲಿಟ್ಟ. ಅವನ ತಂಗಿ ಒಳಬಾಗಿಲ ಮರೆಯಲ್ಲಿ ನಿಂತಿದ್ದಳು, ಸೆರಗಿನ ತುದಿ ಮಾತ್ರ ಕಾಣುತ್ತಿತ್ತು. ಅವನು ಬೈಕನ್ನು ತಿರುಗಿಸಿ ಒಂದು ಕಾಲು ಎತ್ತಿದ. ಇವನು ಹೋದನೆಂದರೆ ಇನ್ನು ನಾನು ಎಂದೂ ಹೇಳುವುದಿಲ್ಲ ಎಂದು ನನಗೆ ಆಗ ಖಚಿತವಾಯಿತು. ನನ್ನನ್ನು ನಾನು ಅಷ್ಟು ಬಲ್ಲೆ. ಎದ್ದೆ. ಮೊರದಲ್ಲಿದ್ದ ಅಕ್ಕಿ ಚೆಲ್ಲಿತು.

“ನಿಲ್ರಿ,” ಅಂದೆ.

ಯಾರಿಗೂ ಕೇಳಲಿಲ್ಲ. ರಸ್ತೆಗೆ ಇಳಿದು ಮತ್ತೆ ಅಂದೆ. ಹಿರಿಯಕ್ಕ ತನ್ನ ಕಟ್ಟೆಯಿಂದ, “ಏನ್ರಿ, ಆರಾಮಿಲ್ಲೇನು?” ಅಂದಳು. ನನ್ನ ಮಾತು ಸರಿಯಾಗಿ ಬರಲಿಲ್ಲ. ಮೊದಲಿನದು ಕೊನೆಗೆ, ಕೊನೆಯದು ಮೊದಲಿಗೆ ಬಂತು.

“ನಿಂಬೆಗಿಡದ ಬುಡಕ್ಕೆ ಐತೆ. ನಂದೇ ಮರಿ ಮೊದಲು ಸತ್ತಿದ್ದು. ಅವಳು ಬರೋಕಿಂತ ಎರಡು ದಿನ ಮೊದಲು. ನಾನೇ ಹೂತೀನಿ. ಲಸಿಕೆ ಕೆಟ್ಟಿತ್ತು. ಹರಿಹರದಾಗೆ ನಾದಿನಿ ಮನಿಗೆ ಹೋಗಿದ್ದೆ, ಐಸ್ ತೆಗೆದು ಶರಬತ್ತಿಗೆ ಹಾಕಿದ್ರು. ನಾನೂ ಕುಡಿದೆ. ನೀವು ನೋಡಿದ್ದು ಬೇರೆ ಐಸ್.”

ಹಿರಿಯಕ್ಕನೇ ಮೊದಲು ಕೇಳಿದಳು, ಸಿಟ್ಟಿನಿಂದಲ್ಲ, ಅರ್ಥವಾಗದವಳ ಹಾಗೆ. “ಅವತ್ತೇ ಹೇಳಿದ್ರೆ ಇನ್ನೊಂದು ಸೀಸೆ ತರ್ತಿದ್ವಲ್ರಿ. ಅಷ್ಟೇ ಅಲ್ಲೇನು?”

ಅಷ್ಟೇ. ಇನ್ನೊಂದು ಸಲ ಬಸ್ಸು ಹತ್ತಿದ್ದರೆ ಮುಗಿಯುತ್ತಿತ್ತು.

ಅವಳ ಅತ್ತೆ, “ಇಷ್ಟು ದಿನ ಬಾಯಾಗೆ ಏನ್ ಇಟ್ಕಂಡಿದ್ರಿ? ನನ್ನ ಕೈಲಿ ಪಾಪ ಮಾಡಿಸಿದ್ರಲ್ಲ,” ಎಂದು ನನ್ನ ಮೇಲೆ ಹರಿಹಾಯ್ದಳು. ಅವಳಂದದ್ದು ನ್ಯಾಯವೇ. ಬಯ್ಯುತ್ತಲೇ ಗೇಟಿನ ಚಿಲಕ ತೆಗೆದಳು. ಸೊಸೆಯ ಅಣ್ಣನಿಗೆ, “ಒಳಗ್ ಬರ್ರಿ, ಚಾ ಕುಡೀರಿ,” ಅಂದಳು, ಮುಖ ಬೇರೆ ಕಡೆ ತಿರುಗಿಸಿಕೊಂಡೇ.

ಸೊಸೆ ಹೊರಗೆ ಬಂದಳು. ನೇರ ನನ್ನ ಮುಂದೆ ನಿಂತಳು. ಅವಳು ಖುಷಿಪಡುತ್ತಾಳೆ ಎಂದು ನಾನು ಎಲ್ಲೋ ಒಂದು ಮೂಲೆಯಲ್ಲಿ ಎಣಿಸಿದ್ದೆನೇನೋ.

“ನಾನು ಸುಣ್ಣ ಬಳಿಯೋವಾಗ ಕೇಳಿದ್ನಲ್ಲ, ಅವತ್ತು ನಿಮಗೆ ಗೊತ್ತಿತ್ತು,” ಅಂದಳು.

“ಗೊತ್ತಿತ್ತು.”

ಅವಳು ಒಳಗೆ ಹೋಗಿ ಸೀರೆ ಬದಲಿಸಿ, ಅಣ್ಣನ ಬೈಕಿನ ಹಿಂದೆ ಕೂತು ನಂದಿಗುಡಿಗೆ ಹೋದಳು. ಓಣಿಯ ತಿರುವಿನವರೆಗೂ ನೋಡಿದೆ. ಹಿಂದಿರುಗಿ ನೋಡಲಿಲ್ಲ.

ಪಂಚಮಿ ಮುಗಿಸಿ ಬಂದಾಗ ಅವಳ ಕೈಯಲ್ಲಿ ಬುಟ್ಟಿ ಇರಲಿಲ್ಲ. ತಾಯಿ ಮತ್ತೆ ಕೋಳಿ ಕೊಡಲು ಬಂದರೂ ಬೇಡವೆಂದಳಂತೆ. ನಾನು ಉಳಿದ ಹೇಂಟೆಗಳನ್ನು ಕಾವಿಗೆ ಕೂರಿಸಿ, ಆ ಮರಿಗಳಿಗೆ ಹಿರಿಯಕ್ಕನೇ ತಂದ ಲಸಿಕೆ ಎರಡು ಸಲ ಬಿದ್ದ ಮೇಲೆ, ಒಂದೊಂದು ಮನೆಗೆ ಆರಾರು ಕೊಟ್ಟೆ. ಎಂಟು ಮನೆಯ ಪೈಕಿ ಏಳು ಮನೆಯವರು ತೆಗೆದುಕೊಂಡರು. ಎದುರು ಮನೆಗೆ ಒಯ್ದಾಗ ಅವಳು ಬುಟ್ಟಿ ಮುಟ್ಟಲಿಲ್ಲ.

“ಕೋಳಿ ಬ್ಯಾಡ. ಕೊಡೋದಿದ್ರೆ ಸೀಸೆ ತರೋ ಕೆಲಸ ಕೊಡ್ರಿ,” ಅಂದಳು.

ಸಂಘದಲ್ಲಿ ಅದನ್ನು ನಾನೇ ಹೇಳಿದೆ. ಯಾರೂ ಬೇಡವೆನ್ನಲಿಲ್ಲ. ನಿಮ್ಮ ಅಜ್ಜನ ಫ್ಲಾಸ್ಕನ್ನು ಅವಳಿಗೆ ಕೊಟ್ಟೆ. ಅದು ಇವತ್ತಿಗೂ ಅವಳ ಮನೆಯ ಗೂಟದಲ್ಲೇ ತೂಗುತ್ತದೆ. ಸೀಸೆ ತರಲು ಹೋದ ದಿನ ಅವಳು ಯಾರು ಕರೆದರೂ ನಿಲ್ಲುವುದಿಲ್ಲ. ಒಮ್ಮೆ ಅವಳ ಸ್ವಂತ ಅಣ್ಣನೇ ಹರಿಹರದ ನಿಲ್ದಾಣದಲ್ಲಿ ಸಿಕ್ಕಿ ಚಹಾಕ್ಕೆ ಕರೆದನಂತೆ, “ಕೈಯಾಗೆ ಲಸಿಕೆ ಐತೆ, ಬಿಡಣ್ಣ,” ಎಂದು ಬಸ್ಸು ಹತ್ತಿದಳಂತೆ. ಎಷ್ಟು ಸುಲಭದ ಮಾತು ನೋಡಿ.

ದೊಡ್ಡವಳೇ, ಓಣಿಯ ಕೋಳಿ ಡಾಕ್ಟರು ಅವಳು. ಪ್ರಬಂಧದಲ್ಲಿ ಅದನ್ನು ತಿದ್ದು. ನಾನು ಮರಿ ಹಿಡಿಯುವವಳು, ಅಷ್ಟೇ. ಹನಿ ಹಾಕುವ ದಿನ ನಾನು ಯಾಕೆ ಐಸಿನಲ್ಲಿ ಕೈಯಿಡುತ್ತೇನೆ ಎಂದು ನೀವಿಬ್ಬರೂ ಕೇಳುತ್ತಿದ್ದಿರಲ್ಲ. ಪ್ರತಿ ಸಲವೂ ಅವಳು ಮುಚ್ಚಳ ತೆಗೆದು ಮೊದಲು ನನ್ನ ಮುಂದೆ ಹಿಡಿಯುತ್ತಾಳೆ. “ಮುಟ್ಟಿ ನೋಡ್ರಿ,” ಅನ್ನುತ್ತಾಳೆ. ದೊಡ್ಡಮ್ಮ ಅನ್ನುವುದಿಲ್ಲ, ಆ ಪಂಚಮಿಯಿಂದ ಒಂದು ಸಲವೂ ಅಂದಿಲ್ಲ. ನಾನು ಐಸಿನೊಳಗೆ ಬೆರಳಿಟ್ಟು ಸೀಸೆ ಮುಟ್ಟುತ್ತೇನೆ, ಬೆರಳು ಜುಮ್ಮೆನ್ನುವ ತನಕ ತೆಗೆಯುವುದಿಲ್ಲ. ಆಮೇಲೆ, ಒಂಬತ್ತು ಮನೆಯವರಿಗೂ ಕೇಳುವಷ್ಟು ಗಟ್ಟಿಯಾಗಿ, “ತಣ್ಣಗೈತೆ,” ಅನ್ನುತ್ತೇನೆ.